ತಕ್ಕಡಿಯವರ ಹೆಚ್ಚುವರಿ ಕರೆಂಟು

ಒಂದು ಏರುಬೀದಿಯಿತ್ತು. ಕೆಳಗಿನಿಂದ ಹೊರಟ ಕರೆಂಟಿನ ಕಂಬಗಳು ಅರ್ಧ ದಾರಿ ಹತ್ತಿ, ಏದುಸಿರು ಬಂದವರಂತೆ ಬೇಕರಿಯ ಮುಂದೆ ನಿಂತುಬಿಟ್ಟಿದ್ದವು. ಅಲ್ಲಿಂದ ಮೇಲಕ್ಕೆ ಬರೀ ಬಂಡೆ. ಬಂಡೆಯ ನೆತ್ತಿಯ ಮೇಲೆ ಒಂದೇ ಮನೆ. ಆ ಮನೆಯಲ್ಲಿ ತಕ್ಕಡಿ ರಿಪೇರಿ ಮಾಡುವವರೊಬ್ಬರು ತಮ್ಮ ಹೆಂಡತಿಯೊಡನೆ ವಾಸವಾಗಿದ್ದರು. ಬೀದಿಯವರ ಬಾಯಲ್ಲಿ ಅವರು ತಕ್ಕಡಿಯವರು.

ಈ ಕಥೆಯನ್ನು ಹಾಲಿನವನು ಒಂದು ರೀತಿ ಹೇಳುತ್ತಾನೆ, ಬೇಕರಿಯಾಕೆ ಇನ್ನೊಂದು ರೀತಿ. ನಿವೃತ್ತ ಮೇಷ್ಟ್ರು ಹೇಳುವುದೇ ಇಲ್ಲ. ಕೇಳಿದರೆ ಎದ್ದು ಹೋಗುತ್ತಾರೆ. ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಉತ್ಪ್ರೇಕ್ಷೆಯನ್ನು ಕೇರಿ ತೆಗೆದರೆ ಉಳಿಯುವ ಕಾಳು ಇಷ್ಟು.

ತಕ್ಕಡಿಯವರ ಮನೆಯ ಹೊಸ್ತಿಲನ್ನು 'ಸುಮಾರು' ಎಂಬ ಮಾತು ಎಂದೂ ದಾಟಿರಲಿಲ್ಲ. ಹೆಂಡತಿ ಬಾಯಿತಪ್ಪಿ "ಸುಮಾರು ಎಂಟು ಗಂಟೆಯಾಯ್ತು" ಎಂದರೆ, ಅವರು ಎದ್ದು ಗಡಿಯಾರದ ಮುಂದೆ ನಿಂತು, ಎಂಟಕ್ಕೆ ಎಷ್ಟು ನಿಮಿಷ ಬಾಕಿಯಿದೆ ಎಂದು ಹೇಳಿ, ಬಂದು ಕೂರುತ್ತಿದ್ದರು. ಒಮ್ಮೆ ಬೇಕರಿಯ ಮುಂದಿನ ಬೀದಿದೀಪದ ಕಂಬ ಎರಡು ಬೆರಳಿನಷ್ಟು ವಾಲಿದೆಯೆಂದು ನಗರಸಭೆಗೆ ಅರ್ಜಿಯ ಮೇಲೆ ಅರ್ಜಿ ಬರೆದು, ಕಂಬ ನೆಟ್ಟಗಾಗುವವರೆಗೂ ಬಿಟ್ಟವರಲ್ಲ. ಆ ದೀಪದ ಬೆಳಕು ಅವರ ಮನೆಗೆ ಬೀಳುತ್ತಿರಲೂ ಇಲ್ಲ. ಅಂದಿನಿಂದ ಆ ಬೀದಿಯಲ್ಲಿ ಅವರ ಲೇಖನಿಯ ಬಗ್ಗೆ ಒಂದು ಭಯಮಿಶ್ರಿತ ಭಕ್ತಿ ನೆಲೆಗೊಂಡಿತ್ತು.

ಮನೆಗೆ ಕರೆಂಟಿಲ್ಲದಿರುವುದು ತಕ್ಕಡಿಯವರಿಗೆ ಕೊರತೆಯೆನಿಸಿರಲಿಲ್ಲ. ಅವರ ಬಾಮೈದನಿಗೆ ಅನಿಸಿತ್ತು. ಬಾಮೈದ ಬೀದಿಯ ಬುಡದಲ್ಲಿ ಕಬ್ಬಿಣದ ಸಾಮಾನಿನ ಗೋದಾಮು ಇಟ್ಟುಕೊಂಡಿದ್ದ.

"ಎಷ್ಟು ದಿನ ಅಂತ ಕತ್ತಲಲ್ಲಿ ಇರ್ತೀರಿ ಭಾವ? ಗೋದಾಮಿನ ಹಿಂದೆ ಒಂದು ರೂಮು ಖಾಲಿ ಇದೆ. ಅಕ್ಕನ್ನ ಕರ್ಕೊಂಡು ಬಂದುಬಿಡಿ. ಈ ರಿಪೇರಿ ಗಿಪೇರಿ ಬಿಟ್ಟು ನನ್ನ ಜೊತೆ ವ್ಯಾಪಾರ ನೋಡ್ಕೊಳ್ಳಿ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ.

ಆ ಗೋದಾಮಿನಲ್ಲಿ ಮೊಳೆಗಳನ್ನು ಕಣ್ಣಂದಾಜಿನಲ್ಲಿ ಮಾರುತ್ತಿದ್ದರು. ಒಂದು ಹಿಡಿ ತೆಗೆದು, ಗಿರಾಕಿಯ ಮುಖ ನೋಡಿ, ಇನ್ನೂ ನಾಲ್ಕು ಮೊಳೆ ಹಾಕುವುದು ಅಲ್ಲಿನ ಪದ್ಧತಿ. ಅದನ್ನು ನೆನೆದಾಗಲೆಲ್ಲ ತಕ್ಕಡಿಯವರು ಎದ್ದು ಹೋಗಿ ತಮ್ಮ ತೂಕದ ಬಟ್ಟುಗಳನ್ನು ಮತ್ತೊಮ್ಮೆ ಎಣಿಸಿಡುತ್ತಿದ್ದರು. ಆ ರೂಮಿಗೆ ಹೋಗುವುದೆಂದರೆ ಮನೆ ಬಿಡುವುದಷ್ಟೇ ಅಲ್ಲ, ಇಡೀ ಬಾಳನ್ನೇ ಕಣ್ಣಂದಾಜಿಗೆ ಒಪ್ಪಿಸುವುದು. ಆದ್ದರಿಂದ ಅವರು ಬಂಡೆಯ ಮೇಲೆ ಒಂದು ಸಣ್ಣ ಗಾಳಿಯಂತ್ರ ನಿಲ್ಲಿಸಿದರು.

ಹೆಂಡತಿ ಅಡ್ಡಿ ಮಾಡಲಿಲ್ಲ. ಆದರೆ ಒಂದು ಷರತ್ತು ಹಾಕಿದಳು. "ನಗರಸಭೆ ಎಂಜಿನಿಯರು ಬಂದು ನೋಡಿ, ಸರಿ ಇದೆ ಅಂತ ಸಹಿ ಹಾಕಿದ್ರೆ ಇಲ್ಲೇ ಇರೋಣ. ಹಾಕಲಿಲ್ಲ ಅಂದ್ರೆ ಅವತ್ತೇ ನನ್ನ ತಮ್ಮನ ರೂಮಿಗೆ. ಆಮೇಲೆ ಗೊಣಗಬಾರದು."

"ಸಹಿ ಹಾಕದೆ ಏನು ಮಾಡ್ತಾರೆ?" ಎಂದರು ತಕ್ಕಡಿಯವರು. ಅದು ಪ್ರಶ್ನೆಯಲ್ಲ, ಅವರ ಸ್ವಭಾವ.

ಯಂತ್ರ ತಂದುಕೊಟ್ಟ ಅಂಗಡಿಯವನು ಎಲ್ಲವನ್ನೂ ಬಿಡಿಸಿ ಹೇಳಿದ. "ಗಾಳಿಯಂತ್ರ ಅಂದ್ರೆ ನಲ್ಲಿ ಅಲ್ಲ ಸರ್, ಬೇಡ ಅಂದಾಗ ತಿರುಗಿಸಿ ನಿಲ್ಲಿಸೋಕೆ. ಬ್ಯಾಟರಿ ತುಂಬಿದ ಮೇಲೂ ಗಾಳಿ ಬೀಸ್ತಾನೇ ಇರುತ್ತೆ. ಆಗ ಹೆಚ್ಚಾದ ಕರೆಂಟನ್ನ ಎಲ್ಲಾದ್ರೂ ಸುರೀಲೇಬೇಕು, ಇಲ್ಲಾಂದ್ರೆ ಬ್ಯಾಟರಿ ಕುದ್ದು ಹಾಳಾಗುತ್ತೆ. ಹಾಗೆ ಸುರಿಯೋ ಜಾಗಕ್ಕೆ ಡಂಪ್ ಲೋಡ್ ಅಂತಾರೆ. ನಿಮಗೆ ಬಚ್ಚಲಿನ ನೀರಿನ ಡ್ರಮ್ಮಿಗೆ ಹೀಟರ್ ಕಾಯಿಲ್ ಹಾಕಿದ್ದೀನಿ. ಬ್ಯಾಟರಿನೂ ಉಳೀತು, ಬಿಸಿನೀರೂ ಆಯ್ತು."

ಯಾವಾಗ ಸುರಿಯಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದಕ್ಕೆ ಒಂದು ಕಂಟ್ರೋಲರ್ ಡಬ್ಬಿಯಿತ್ತು. ಅದರ ಮೇಲೆ ಎರಡು ಸ್ಕ್ರೂಗಳು. ಎಷ್ಟು ವೋಲ್ಟಿಗೆ ಏರಿದಾಗ ಕಾಯಿಲ್ ಹತ್ತಿಕೊಳ್ಳಬೇಕು ಎಂಬುದಕ್ಕೆ ಮೇಲಿನದು. ಎಷ್ಟಕ್ಕೆ ಇಳಿದಾಗ ಆರಬೇಕು ಎಂಬುದಕ್ಕೆ ಕೆಳಗಿನದು. ಅಂಗಡಿಯವನು ಹೊರಟುಹೋದ ಮೇಲೆ ತಕ್ಕಡಿಯವರು ಕನ್ನಡಕ ಏರಿಸಿ, ಆ ಎರಡು ಸ್ಕ್ರೂಗಳನ್ನು ಬಹಳ ಹೊತ್ತು ದಿಟ್ಟಿಸಿದರು.

"ಇವಳೇ, ನೋಡು ಇಲ್ಲಿ. ಹತ್ತೋಕೆ ಒಂದು ಲೆಕ್ಕ, ಆರೋಕೆ ಇನ್ನೊಂದು. ತುಂಬಿದೆ ಅಂದ್ರೆ ತುಂಬಿದೆ, ಇಲ್ಲ ಅಂದ್ರೆ ಇಲ್ಲ. ಕಳ್ಳ ತಕ್ಕಡಿಗೆ ಮಾತ್ರ ಕಣೇ ಎರಡು ಲೆಕ್ಕ ಇರೋದು."

ಹೀಗೆಂದು ಅವರು ಎರಡೂ ಸ್ಕ್ರೂಗಳನ್ನು ಇಪ್ಪತ್ತೆಂಟೂವರೆ ವೋಲ್ಟಿಗೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಹೊಂದಿಸಿದರು. ಜೀವಮಾನದಲ್ಲಿ ಅವರು ಮಾಡಿದ ಅತಿ ನಿಖರವಾದ ಕೆಲಸ ಅದು. ಅತಿ ದೊಡ್ಡ ತಪ್ಪೂ ಅದೇ.

ನಡೆದದ್ದಿಷ್ಟು. ಗಾಳಿ ಬೀಸಿ ಬ್ಯಾಟರಿ ತುಂಬಿ ಮೀಟರಿನ ಮುಳ್ಳು ಇಪ್ಪತ್ತೆಂಟೂವರೆಗೆ ಏರುತ್ತಲೇ ಡಬ್ಬಿಯೊಳಗಿನ ರಿಲೇ ಎಂಬ ತಾನಾಗಿ ಹತ್ತಿ ಆರುವ ಸ್ವಿಚ್ಚು ಟಕ್ಕೆಂದು ಕಾಯಿಲನ್ನು ಹತ್ತಿಸುತ್ತಿತ್ತು. ಕಾಯಿಲು ಕರೆಂಟನ್ನು ಎಳೆದುಕೊಂಡ ಕೂಡಲೆ ಮುಳ್ಳು ಒಂದು ಎಳೆಯಷ್ಟು ಕುಸಿಯುತ್ತಿತ್ತು. ಕುಸಿಯಿತೆಂದು ರಿಲೇ ಟಕ್ಕೆಂದು ಆರಿಸುತ್ತಿತ್ತು. ಆರಿತೆಂದು ಮುಳ್ಳು ಮತ್ತೆ ಏರುತ್ತಿತ್ತು. ಟಕ್. ಟಕ್. ಟಕ ಟಕ ಟಕ. ಸಾಲದ್ದಕ್ಕೆ ಆ ಡಬ್ಬಿಯನ್ನು ಅವರು ಬೀದಿಯ ಕಡೆಯ ಕಿಟಕಿಯ ಪಕ್ಕ, ಖಾಲಿ ಕಬ್ಬಿಣದ ಬೀರುವಿನ ಮಗ್ಗುಲಿಗೆ ಬಿಗಿದಿದ್ದರು. ಬೀರು ಆ ಸದ್ದನ್ನು ತನ್ನ ಹೊಟ್ಟೆಗೆ ಹಾಕಿಕೊಂಡು, ದೊಡ್ಡದು ಮಾಡಿ ಬೀದಿಗೆಲ್ಲ ಹಂಚುತ್ತಿತ್ತು.

"ಇದೇನು ರೀ, ಇಡೀ ದಿನ ಹಲ್ಲು ಕಡಿದ ಹಾಗೆ?" ಎಂದಳು ಹೆಂಡತಿ.

"ಅದು ಕೆಲಸ ಮಾಡೋ ಸದ್ದು. ಕೆಲಸ ಮಾಡದೆ ಇರೋರು ಮಾತ್ರ ಸುಮ್ಮನಿರ್ತಾರೆ."

ಅದೇ ವಾರ, ಹಿಂದೆ ನೆಟ್ಟಗಾಗಿದ್ದ ಆ ಬೀದಿದೀಪದ ಕಂಬಕ್ಕೆ ನಗರಸಭೆಯವರು ಒಂದು ಪ್ರಕಟಣೆ ಅಂಟಿಸಿ ಹೋದರು. ಗಾಳಿಯಂತ್ರವನ್ನು ಪರಿಶೀಲಿಸಲು ಎಂಜಿನಿಯರು ಬರುವ ವಾರ ಯಾವುದಾದರೊಂದು ದಿನ ಬರುತ್ತಾರೆ. ಯಾರ ಮೇಲಾದರೂ ಯಾರಿಗಾದರೂ ಆಕ್ಷೇಪಣೆಯಿದ್ದರೆ ಬರವಣಿಗೆಯಲ್ಲಿ ಕೊಡಬಹುದು. ನಗರಸಭೆಯ ಭಾಷೆ ಯಾವಾಗಲೂ ಅಗತ್ಯಕ್ಕಿಂತ ಅಗಲವಾಗಿರುತ್ತದೆ.

ಪ್ರಕಟಣೆಯನ್ನು ಓದಿ ಸಂತೋಷಪಟ್ಟವರು ಮೇಷ್ಟ್ರು. "ಆ ರೆಕ್ಕೆ ತಿರುಗಿದ್ರೆ ನನಗೆ ತಲೆ ತಿರುಗುತ್ತೆ. ನಾನು ಬರೆದುಕೊಡ್ತೀನಿ. ಕಂಬ ಇಳಿಸಿಯೇ ಇಳಿಸ್ತಾರೆ" ಎಂದು ಬೇಕರಿಯ ಮುಂದೆ ನಿಂತು ಘೋಷಿಸಿದರು. ಒಂದೇ ಒಂದು ಆಕ್ಷೇಪಣೆ ಬಂದರೂ ಅನುಮತಿ ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸುದ್ದಿ ಕೇಳಿದ ಬಾಮೈದ ಆ ವಾರವೆಲ್ಲ ದಿನಾ ಬೆಳಿಗ್ಗೆ ಒಂದು ಖಾಲಿ ತಳ್ಳುಗಾಡಿಯನ್ನು ಏದುಸಿರು ಬಿಡುತ್ತ ಮೇಲಕ್ಕೆ ತಳ್ಳಿಕೊಂಡು ಬಂದು, ಅಕ್ಕನ ಅಂಗಳದಲ್ಲಿ ನಿಲ್ಲಿಸಿ, ಎಂಜಿನಿಯರು ಬಾರದ್ದನ್ನು ಕಂಡು ಮತ್ತೆ ಇಳಿಸಿಕೊಂಡು ಹೋಗುತ್ತಿದ್ದ.

ಸದ್ದನ್ನು ಮೊದಲು ಗುರುತಿಸಿದವನು ಹಾಲಿನವನು ಎಂದು ಹಾಲಿನವನ ಹೇಳಿಕೆ. ಬೆಳಿಗ್ಗೆ ಹಾಲು ಹಾಕಲು ಹೋದವನು ಕಿಟಕಿಯಿಂದ ಟಕ ಟಕ ಬರುವುದನ್ನು ಕೇಳಿ, ಕ್ಯಾನನ್ನು ಬಿಗಿಯಾಗಿ ಹಿಡಿದುಕೊಂಡು ಬೇಕರಿಯವರೆಗೆ ಓಡಿಬಂದ.

"ಅಕ್ಕಾ, ತಕ್ಕಡಿಯವರು ಒಳಗೆ ಕೂತು ಏನೋ ಟೈಪ್ ಮಾಡ್ತಿದಾರೆ."

"ಏನು ಟೈಪ್ ಮಾಡ್ತಾರೆ?" ಎಂದಳು ಬೇಕರಿಯಾಕೆ. ಕೇಳುವಾಗಲೇ ಅವಳ ಕಣ್ಣು ಕಂಬದ ಮೇಲಿನ ಪ್ರಕಟಣೆಯ ಕಡೆ ಹೋಗಿತ್ತು.

ಮೇಷ್ಟ್ರನ್ನು ಕರೆದರು. ಮೇಷ್ಟ್ರು ಸೇವೆಯಲ್ಲಿದ್ದಾಗ ಟೈಪಿಂಗ್ ಪರೀಕ್ಷೆಗಳಿಗೆ ಕಾವಲು ಕೂತವರು. ಬಂಡೆಯ ಬುಡದವರೆಗೆ ಹೋಗಿ, ಕಿವಿಗೆ ಅಂಗೈ ಆನಿಸಿ, ಕಣ್ಣು ಮುಚ್ಚಿ ಆಲಿಸಿದರು.

"ಟೈಪ್‌ರೈಟರೇ. ಸಂಶಯವೇ ಇಲ್ಲ. ಕಬ್ಬಿಣದ ಮೇಜಿನ ಮೇಲೆ ಇಟ್ಟಿದ್ದಾರೆ."

ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿತು. ಮೇಲೆ ಟಕಟಕಟಕಟಕ ಎಂದು ಮಳೆ ಸುರಿದಂತಾಯಿತು. ಮೇಷ್ಟ್ರ ಮುಖ ಬಿಳುಪೇರಿತು. "ಅಯ್ಯೋ, ಹೈಯರ್ ಗ್ರೇಡಿನ ವೇಗ. ನಮ್ಮ ಶಾಲೇಲಿ ಒಬ್ಬರಿಗೂ ಇಷ್ಟು ಬರ್ತಿರಲಿಲ್ಲ."

ಗಾಳಿ ನಿಂತಿತು. ಸದ್ದೂ ನಿಂತಿತು.

"ಈಗ ಯಾಕೆ ನಿಲ್ಲಿಸಿದ್ರು?" ಎಂದ ಹಾಲಿನವನು ಪಿಸುದನಿಯಲ್ಲಿ.

"ಯೋಚನೆ ಮಾಡ್ತಿದಾರೆ. ಮುಂದೆ ಯಾರ ವಿಷಯ ಬರೀಬೇಕು ಅಂತ" ಎಂದರು ಮೇಷ್ಟ್ರು.

ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹಾಲಿನವನು ಹಾಲು ತಂಪಾಗಿಡುವ ಯಂತ್ರಕ್ಕೆ ಬೀದಿದೀಪದ ಕಂಬದಿಂದಲೇ ಒಂದು ತಂತಿ ಎಳೆದುಕೊಂಡಿದ್ದ. ಬೇಕರಿಯಾಕೆ ಒಲೆಯ ಹೊಗೆಕೊಳವೆಯನ್ನು ಸಾರ್ವಜನಿಕ ಓಣಿಗೆ ತಿರುಗಿಸಿದ್ದಳು. ಮೇಷ್ಟ್ರ ಬಾಲ್ಕನಿ ವರ್ಷದಿಂದ ವರ್ಷಕ್ಕೆ ಬೆಳೆದು, ಈಗ ಬೀದಿಯಲ್ಲಿ ಕೊಡೆ ಹಿಡಿದು ಹೋಗುವವರಿಗೆ ತಲೆ ಬಗ್ಗಿಸುವ ವಿನಯ ಕಲಿಸುವಷ್ಟು ಕೆಳಗೆ, ಮುಂದೆ ಚಾಚಿಕೊಂಡಿತ್ತು. ಈ ಮೂರೂ ಗುಟ್ಟುಗಳು ಬೀದಿಗೆಲ್ಲ ಗೊತ್ತಿದ್ದವು. ನಗರಸಭೆಗೆ ಮಾತ್ರ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ತಕ್ಕಡಿಯವರ ಮನೆಗೆ ಬಂದ ಹಾಲು ಅಪರಿಚಿತವಾಗಿತ್ತು.

"ಏನಪ್ಪಾ, ಇವತ್ತು ಹಾಲು ಇಷ್ಟು ಗಟ್ಟಿ ಇದೆ? ಹಸುಗೆ ಏನಾದ್ರೂ ಆಗಿದೆಯಾ?"

"ಹಸುಗೆ ಏನೂ ಆಗಿಲ್ಲ ಅಣ್ಣ. ನನಗೇ ಬುದ್ಧಿ ಬಂತು" ಎಂದ ಹಾಲಿನವನು, ಕಿಟಕಿಯ ಕಡೆ ಕಣ್ಣು ಹಾಯಿಸದೆ.

ಮಧ್ಯಾಹ್ನ ಬೇಕರಿಯಾಕೆ ಎರಡು ಕೈಯಲ್ಲೂ ಹಿಡಿಯಬೇಕಾದ ಒಂದು ಬ್ರೆಡ್ಡು ತಂದಳು. "ಸುಮ್ಮನೆ ತಂದೆ ಅಣ್ಣ. ನಿಮ್ಮ ಹೊಸ ಕೆಲಸಕ್ಕೆ ಒಳ್ಳೇದಾಗಲಿ ಅಂತ."

ತಕ್ಕಡಿಯವರು ಅದನ್ನು ಅಭ್ಯಾಸಬಲದಿಂದ ತಕ್ಕಡಿಗೆ ಹಾಕಿದರು. ಮುಳ್ಳು ನಿಲ್ಲುವವರೆಗೆ ಕಾದರು. "ಹೊದಿಕೆ ಮೇಲೆ ಬರೆದಿರೋದಕ್ಕಿಂತ ಜಾಸ್ತಿ ತೂಗುತ್ತೆ. ಇದೂ ತಪ್ಪೇ ಅಕ್ಕಾ. ಎಲ್ಲೋ ಹೆಚ್ಚು ಕಡಿಮೆ ಇದೆ, ಸರಿ ಮಾಡಿಸ್ಕೊಳ್ಳಿ."

"ಮಾಡಿಸ್ತೀನಿ ಅಣ್ಣ. ಈ ವಾರವೇ ಮಾಡಿಸ್ತೀನಿ. ಕೊಳವೆಯವನಿಗೆ ಹೇಳಿಕಳಿಸಿದ್ದೀನಿ" ಎಂದು ಬೇಕರಿಯಾಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಇಳಿದುಹೋದಳು. ಬ್ರೆಡ್ಡಿಗೂ ಕೊಳವೆಗೂ ಏನು ಸಂಬಂಧವೆಂದು ತಕ್ಕಡಿಯವರು ಸ್ವಲ್ಪ ಹೊತ್ತು ಯೋಚಿಸಿ, ಅದು ಬೇಕರಿಯ ಶಾಸ್ತ್ರಕ್ಕೆ ಸೇರಿದ ವಿಷಯವೆಂದು ಬಿಟ್ಟುಬಿಟ್ಟರು.

ಸಂಜೆ ಮೇಷ್ಟ್ರೇ ಬಂದರು. ಕೈಯಲ್ಲಿ ಒಂದು ಹಾಳೆ: ಗಾಳಿಯಂತ್ರದ ಬಗ್ಗೆ ತಮಗೆ ಯಾವ ಆಕ್ಷೇಪಣೆಯೂ ಇಲ್ಲ, ಹಿಂದೆ ಇರಲಿಲ್ಲ, ಮುಂದೆಯೂ ಇರುವುದಿಲ್ಲ.

"ತಲೆ ತಿರುಗೋದು?" ಎಂದರು ತಕ್ಕಡಿಯವರು.

"ಅದು ಕನ್ನಡಕದ ದೋಷ ಅಂತ ಆಮೇಲೆ ಗೊತ್ತಾಯ್ತು."

"ಹೊರಗೆ ಯಾಕೆ ನಿಂತಿರಿ ಮೇಷ್ಟ್ರೇ? ಬನ್ನಿ ಒಳಗೆ. ಕೆಲಸ ಹೇಗೆ ನಡೀತಿದೆ ಅಂತ ಕಣ್ಣಾರೆ ನೋಡಿ."

"ಬೇಡ, ಬೇಡ. ನಿಮ್ಮ ಕೆಲಸ ನಿಮ್ಮಲ್ಲೇ ಇರಲಿ."

"ನೀವೇನೂ ಯೋಚನೆ ಮಾಡಬೇಡಿ. ಎಲ್ಲ ಟೇಪು ಹಿಡಿದು ಅಳೆದಿದ್ದೀನಿ. ಗಾಳಿಗೆ ಕಂಬವೇ ಬಿದ್ದರೂ ನಿಮ್ಮ ಬಾಲ್ಕನಿಗೆ ತಾಗಬಾರದಲ್ಲ."

ಮೇಷ್ಟ್ರ ಕಿವಿಗೆ ಆ ಮಾತಿನಲ್ಲಿ ಟೇಪು, ಅಳತೆ, ಬಾಲ್ಕನಿ ಎಂಬ ಮೂರೇ ವಸ್ತುಗಳು ಬಿದ್ದವು. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

"ರೀ, ಇವರೆಲ್ಲ ಯಾಕೆ ಹೆದರಿದ ಹಾಗಿದಾರೆ?" ಎಂದಳು ಹೆಂಡತಿ, ಬ್ರೆಡ್ಡನ್ನು ಎಲ್ಲಿಡುವುದೆಂದು ತಿಳಿಯದೆ.

"ಹೆದರಿಕೆ ಅಲ್ಲ ಕಣೇ, ಗೌರವ. ಗೌರವ ಹೆಚ್ಚಾದ್ರೂ ಮೊಣಕಾಲು ನಡುಗುತ್ತೆ. ಬೀದಿಗೆ ವಿಜ್ಞಾನ ಬಂದಿದೆ, ಜನ ತಲೆ ಬಾಗ್ತಿದಾರೆ. ಅಷ್ಟೇ."

ಹೀಗೆ ಆ ವಾರ ಆ ಬೀದಿ ಹಿಂದೆಂದೂ ಕಾಣದಷ್ಟು ಸಜ್ಜನರ ಬೀದಿಯಾಯಿತು. ಜನ ಕಿಟಕಿಯ ಕೆಳಗೆ ಹಾದುಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರೆಂದು ಹಾಲಿನವನು ಹೇಳುವುದುಂಟು; ಬೇಕರಿಯಾಕೆಯ ಪ್ರಕಾರ ಹಾಗೆ ಮಾಡಿದವನು ಹಾಲಿನವನೊಬ್ಬನೇ.

ಕಡೆಗೊಂದು ಬೆಳಿಗ್ಗೆ ಗಾಳಿ ಬಲವಾಗಿತ್ತು. ರಿಲೇಗೆ ಉಸಿರಾಡಲು ಬಿಡುವಿರಲಿಲ್ಲ. ಎಂದಿನಂತೆ ತಳ್ಳುಗಾಡಿಯೊಂದಿಗೆ ಬಂದ ಬಾಮೈದ ಬಾಗಿಲಲ್ಲೇ ನಿಂತು ಮೂಗರಳಿಸಿದ.

"ಭಾವ, ಏನೋ ಸುಟ್ಟ ವಾಸನೆ."

"ನಿನ್ನ ಹೊಟ್ಟೆಯದಿರಬೇಕು" ಎಂದರು ತಕ್ಕಡಿಯವರು. ಆದರೂ ಡಬ್ಬಿ ಬಿಚ್ಚಿ ನೋಡಿದರು. ಗಳಿಗೆಗೊಮ್ಮೆ ಹತ್ತಿ ಆರಿ, ಹತ್ತಿ ಆರಿ, ರಿಲೇಯ ತುದಿ ಕಪ್ಪಗಾಗಿತ್ತು. ಬಚ್ಚಲಿಗೆ ಹೋಗಿ ಡ್ರಮ್ಮಿಗೆ ಕೈಯಿಟ್ಟು ನೋಡಿದರು. ನೀರು ಉಗುರುಬೆಚ್ಚಗೂ ಆಗಿರಲಿಲ್ಲ. ಬಂದು ಮತ್ತೆ ಡಬ್ಬಿಯ ಮುಂದೆ ನಿಂತರು.

ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ನಾನೊಂದು ಕೇಳ್ತೀನಿ. ಹಸಿವಾದಾಗ ನೀವು ಊಟಕ್ಕೆ ಕೂರ್ತೀರಿ. ಒಂದು ತುತ್ತು ತಿಂದ ತಕ್ಷಣ ಹಸಿವು ಒಂಚೂರು ಇಳೀತು ಅಂತ ಎದ್ದು ಕೈ ತೊಳೀತೀರಾ? ತೊಳೆದು, ಮತ್ತೆ ಹಸಿವು ಅಂತ ಬಂದು ಕೂರ್ತೀರಾ?"

"ಯಾರು ಹಾಗೆ ಮಾಡ್ತಾರೆ?"

"ನಿಮ್ಮ ಡಬ್ಬಿ ಮಾಡ್ತಿದೆ. ಬೆಳಿಗ್ಗೆಯಿಂದ ಕೂತು ಎದ್ದು, ಕೂತು ಎದ್ದು. ಅದಕ್ಕೆ ಹೊಟ್ಟೆ ತುಂಬ ಉಣ್ಣೋಕೆ ಬಿಡಿ. ಹತ್ತೋ ಲೆಕ್ಕ ಅಲ್ಲೇ ಇರಲಿ. ಆರೋ ಲೆಕ್ಕ ಇನ್ನಷ್ಟು ಕೆಳಗಿರಲಿ."

ತಕ್ಕಡಿಯವರು ಹೆಂಡತಿಯನ್ನೂ ಸೌಟನ್ನೂ ಸ್ಕ್ರೂವನ್ನೂ ಸರದಿಯಲ್ಲಿ ನೋಡಿದರು. "ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದು ಕೆಳಗಿನ ಸ್ಕ್ರೂವನ್ನು ಇಪ್ಪತ್ತೇಳಕ್ಕೆ ಇಳಿಸಿದರು. ರಿಲೇ ಒಮ್ಮೆ ಟಕ್ಕೆಂದಿತು. ಕಾಯಿಲು ಹತ್ತಿಕೊಂಡಿತು, ಹತ್ತಿಕೊಂಡೇ ಇತ್ತು. ಡ್ರಮ್ಮಿನೊಳಗೆ ನೀರು ಮೆಲ್ಲಗೆ ಗುನುಗತೊಡಗಿತು. ಮನೆಯಲ್ಲಿ ನಿಶ್ಶಬ್ದ ನೆಲೆಸಿತು.

ಬೀದಿಯಲ್ಲೂ ನೆಲೆಸಿತು. ಅಲ್ಲಿಯೇ ತೊಂದರೆಯಾದದ್ದು.

ಬೇಕರಿಯ ಮುಂದೆ ಹಾಲು ಅಳೆಯುತ್ತಿದ್ದವನು ಅಳತೆಪಾತ್ರೆಯನ್ನು ಹಾಗೇ ಎತ್ತಿ ಹಿಡಿದ. "ನಿಂತುಹೋಯ್ತು."

"ಯೋಚನೆ ಮಾಡ್ತಿರಬಹುದು" ಎಂದಳು ಬೇಕರಿಯಾಕೆ.

ಮೇಷ್ಟ್ರು ಬಾಲ್ಕನಿಯಿಂದ ಇಳಿದು ಬಂದರು. ಗಾಳಿ ಬೀಸುತ್ತಲೇ ಇತ್ತು, ಸದ್ದಿರಲಿಲ್ಲ. "ಇಷ್ಟು ಹೊತ್ತು ಯಾರೂ ಯೋಚಿಸಲ್ಲ. ಮುಗೀತು. ಈಗ ಸಹಿ ಹಾಕ್ತಿರ್ತಾರೆ."

"ಎಷ್ಟು ಪುಟ ಆಗಿರಬಹುದು ಮೇಷ್ಟ್ರೇ?"

"ಆ ವೇಗಕ್ಕೆ, ಒಂದು ವಾರ..." ಮೇಷ್ಟ್ರು ಬೆರಳು ಮಡಿಸಲು ಹೋಗಿ ಕೈಬಿಟ್ಟರು. "ಪುಟ ಅಲ್ಲಮ್ಮ. ಸಂಪುಟ."

ಸರಿಯಾಗಿ ಆ ಗಳಿಗೆಗೆ ಬೀದಿಯ ತಿರುವಿನಲ್ಲಿ, ಹೆಗಲಿಗೆ ಚೀಲ ನೇತುಹಾಕಿಕೊಂಡು, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ ನಗರಸಭೆಯ ಎಂಜಿನಿಯರು ಕಾಣಿಸಿಕೊಂಡರು. ಯಾರನ್ನೂ ಮಾತಾಡಿಸದೆ ಮೇಲಕ್ಕೆ ನಡೆದರು.

"ಇನ್ನೂ ಅಂಚೆಗೇ ಹಾಕಿಲ್ಲ, ಆಗಲೇ ಬಂದುಬಿಟ್ರಲ್ಲ" ಎಂದಳು ಬೇಕರಿಯಾಕೆ. ಗಾಳಿಯಂತ್ರದ ಪರಿಶೀಲನೆಯೆಂಬ ಸಂಗತಿ ಆ ಹೊತ್ತಿಗೆ ಮೂವರಲ್ಲಿ ಯಾರ ತಲೆಯಲ್ಲೂ ಉಳಿದಿರಲಿಲ್ಲ.

"ಕೇಳಿ ಇಲ್ಲಿ" ಎಂದರು ಮೇಷ್ಟ್ರು. "ಅವರಾಗಿ ಹಿಡಿದರೆ ಪೂರ್ತಿ ದಂಡ. ನಾವಾಗಿ ಒಪ್ಪಿಕೊಂಡರೆ ಅರ್ಧ. ನಡೀರಿ."

ಮೇಲೆ ಎಂಜಿನಿಯರು ಕಂಬವನ್ನು ಅಲುಗಿಸಿ ನೋಡಿ, ಬ್ಯಾಟರಿಗಳನ್ನು ನೋಡಿ, ಡಬ್ಬಿಯ ಮುಂದೆ ನಿಂತಿದ್ದರು. ಕಡಿಮೆ ಮಾತಿನ ಮನುಷ್ಯ.

"ಬ್ಯಾಟರಿ ತುಂಬಿದ ಮೇಲೆ ಕರೆಂಟು ಎಲ್ಲಿಗೆ ಹೋಗುತ್ತೆ?"

"ಡ್ರಮ್ಮಿಗೆ."

"ಡ್ರಮ್ಮಿನ ಸಂಪರ್ಕ ಕಡಿದುಹೋದ್ರೆ?"

"ನಮ್ಮ ಮನೇಲಿ ಕಡಿದುಹೋಗಲ್ಲ."

"ಅದು ಉತ್ತರ ಅಲ್ಲ ಯಜಮಾನರೇ. ಕಡಿದುಹೋದ್ರೆ ಎರಡನೇ ವ್ಯವಸ್ಥೆ ಏನಿದೆ?"

"ಮೊದಲನೇದು ಸರಿ ಇರೋವಾಗ ಎರಡನೇದು ಯಾಕೆ ಸರ್?" ಎಂದರು ತಕ್ಕಡಿಯವರು, ಇಷ್ಟು ಸರಳವಾದ ವಿಷಯ ಓದಿದವರಿಗೆ ತಿಳಿಯಲಿಲ್ಲವಲ್ಲ ಎಂಬ ಮರುಕದಿಂದ.

ಎಂಜಿನಿಯರು ನಿಟ್ಟುಸಿರಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನು ಯಾವ ಕಡೆಗೆ ವಾಲುತ್ತಿದೆಯೆಂಬುದನ್ನು ಬಾಮೈದ ಕಣ್ಣಂದಾಜಿನಲ್ಲೇ ತಿಳಿದುಕೊಂಡು, ಅಂಗಳಕ್ಕೆ ಹೋಗಿ ತಳ್ಳುಗಾಡಿಯ ಹಗ್ಗ ಬಿಚ್ಚತೊಡಗಿದ. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಸರ್, ಕೊಳವೆ ನಂದೇ" ಎಂದಳು ಬೇಕರಿಯಾಕೆ, ಮೂಗಿನಲ್ಲಿ ಬಾಯಲ್ಲಿ ಉಸಿರು ಬಿಡುತ್ತ. "ಓಣಿಗೆ ತಿರುಗಿಸಿದ್ದು ನಾನೇ. ಮೇಲಕ್ಕೆ ತಿರುಗಿಸ್ತೀನಿ."

"ಯಾವ ಕೊಳವೆ?"

"ತಂತಿ ನಂದು ಸರ್" ಎಂದ ಹಾಲಿನವನು ಅವಳ ಹಿಂದಿನಿಂದ. "ಬೀದಿದೀಪದ ಕಂಬದಿಂದ ಎಳೆದಿದ್ದು. ಹಾಲು ಕೆಡಬಾರದು ಅಂತ. ನನ್ನ ಸ್ವಾರ್ಥಕ್ಕಲ್ಲ, ಊರಿನ ಹಾಲು."

ಡಬ್ಬಿ ಬಿಟ್ಟು ಬಾಗಿಲ ಬಳಿಗೆ ಬಂದ ಎಂಜಿನಿಯರು ಕಕ್ಕಾಬಿಕ್ಕಿಯಾದರು. ಇದೇ ಕೆಲಸದಲ್ಲಿ ತಲೆ ನರೆತವರು ಅವರು. ಹುಡುಕಿದರೂ ಸಿಗದ ತಪ್ಪುಗಳು ಹೀಗೆ ಕಾಲು ಬಂದು ಎದುರಿಗೆ ನಿಲ್ಲುವುದನ್ನು ಎಂದೂ ಕಂಡಿರಲಿಲ್ಲ. ಪೆನ್ನು ತಾನಾಗಿಯೇ ಓಡತೊಡಗಿತು.

ಒಪ್ಪಿಕೊಳ್ಳಿರೆಂದು ಬುದ್ಧಿ ಹೇಳಿದ ಮೇಷ್ಟ್ರು ಮಾತ್ರ ಒಪ್ಪಿಕೊಂಡಿರಲಿಲ್ಲ. ಒಳಗೆ ಕಾಲಿಡುತ್ತಲೇ ಅವರಿಗೆ ಇನ್ನೊಂದು ಉಪಾಯ ಹೊಳೆದಿತ್ತು. ಟೈಪ್‌ರೈಟರನ್ನೇ ನಿಷ್ಕ್ರಿಯಗೊಳಿಸಿದರೆ ಬಾಲ್ಕನಿಯ ಅಧ್ಯಾಯ ಇನ್ನೂ ಬಾಕಿಯಿದ್ದ ಪಕ್ಷದಲ್ಲಿ ಬರೆಯದೆ ಉಳಿಯಬಹುದು. ಮಂಚದ ಕೆಳಗೆ ನೋಡಿದರು. ಮೇಜಿನ ಹಿಂದೆ ನೋಡಿದರು. ಬೀರುವಿನ ಮಗ್ಗುಲಿಗೆ ಬಂದಾಗ ಒಂದು ಡಬ್ಬಿ, ಡಬ್ಬಿಯಿಂದ ಹೊರಟ ದಪ್ಪ ತಂತಿ, ತಂತಿಗೊಂದು ಸ್ವಿಚ್ಚು ಕಂಡವು. ಇದು ಕರೆಂಟಿನ ಟೈಪ್‌ರೈಟರು, ಆ ವೇಗದ ಗುಟ್ಟು ಇದೇ ಎಂದು ಅವರಿಗೆ ಖಾತ್ರಿಯಾಯಿತು. ಸುತ್ತ ನೋಡಿ ಸ್ವಿಚ್ಚನ್ನು ಇಳಿಸಿಯೇಬಿಟ್ಟರು.

ಡ್ರಮ್ಮಿನ ಗುನುಗು ನಿಂತಿತು. ಕರೆಂಟಿಗೆ ಹೋಗಲು ದಾರಿಯಿಲ್ಲ. ಹೊರಗೆ ಗಾಳಿಗೆ ಇದ್ಯಾವುದೂ ತಿಳಿಯದು. ತಲೆಯ ಮೇಲಿನ ದೀಪ ಬೆಳ್ಳಗೆ, ಮತ್ತೂ ಬೆಳ್ಳಗೆ ಉರಿಯಿತು. ಮೂಲೆಯಲ್ಲಿದ್ದ ಇನ್ವರ್ಟರು ಕೀಂ ಕೀಂ ಎಂದು ಕೂಗತೊಡಗಿತು. ಬ್ಯಾಟರಿಗಳೊಳಗೆ ಗುಳುಗುಳು ಎಂದಿತು.

ಎಲ್ಲರೂ ಗೋಡೆಗೆ ಅಂಟಿಕೊಂಡರು. ತಕ್ಕಡಿಯವರು ಮಾತ್ರ ಮೀಟರಿನ ಮುಂದೆ ಬಗ್ಗಿ ನಿಂತು, ಮುಳ್ಳು ಏರುವುದನ್ನು ಆನಂದದಿಂದ ಘೋಷಿಸತೊಡಗಿದರು. "ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತೂ ಕಾಲು. ನೋಡಿ ಸರ್, ಮುಳ್ಳು ಒಂದು ಚೂರೂ ತೊನೆಯಲ್ಲ. ಇಪ್ಪತ್ತೊಂಬತ್ತೂವರೆ. ಎಂಥಾ ಮೀಟರು."

"ಮೊದಲು ಏನಾದ್ರೂ ಮಾಡಿ ಯಜಮಾನರೇ" ಎಂದರು ಎಂಜಿನಿಯರು.

"ಸ್ವಲ್ಪ ಇರಿ ಸರ್, ಇನ್ನೇನು ಮೂವತ್ತಕ್ಕೆ ಸರಿಯಾಗಿ ನಿಲ್ಲುತ್ತಾ ನೋಡ್ತೀನಿ."

ಹೆಂಡತಿ ಗಂಡನ ಪಕ್ಕದಿಂದ ಹಾದುಹೋಗಿ, ಬಾಗಿಲ ಹಿಂದಿನ ಗೋಡೆಯಲ್ಲಿದ್ದ ಕೆಂಪು ಹಿಡಿಕೆಯನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದಳು. ಬಂಡೆಯ ಮೇಲೆ ಗುಂಯ್‌ಗುಡುತ್ತಿದ್ದ ರೆಕ್ಕೆಗಳು ಯಾರೋ ಜುಟ್ಟು ಹಿಡಿದಂತೆ ತಡವರಿಸಿ, ಸೋಮಾರಿಯಾಗಿ, ತೆವಳುವಷ್ಟು ನಿಧಾನವಾದವು. ಮುಳ್ಳು ಇಳಿಯಿತು. ಇನ್ವರ್ಟರು ಬಾಯಿ ಮುಚ್ಚಿತು. ದೀಪ ತನ್ನ ಮಾಮೂಲಿ ಬಣ್ಣಕ್ಕೆ ಬಂತು.

"ಇದೇನಮ್ಮಾ?" ಎಂದರು ಎಂಜಿನಿಯರು.

"ಬ್ರೇಕು. ಡ್ರಮ್ಮಿನ ಕಡೆ ಏನಾದ್ರೂ ಆದ್ರೆ ಇದನ್ನ ಎಳೀಬೇಕು ಅಂತ ಅಂಗಡಿಯವನು ನನಗೆ ತೋರಿಸಿಕೊಟ್ಟಿದ್ದ. ಇವರು ಆಗ ಕಂಬ ನೆಟ್ಟಗಿದೆಯಾ ಅಂತ ಹೊರಗೆ ದಾರ ಕಟ್ಟಿ ನೋಡ್ತಿದ್ರು."

"ನಾನು ಕೇಳಿದ ಎರಡನೇ ವ್ಯವಸ್ಥೆ ಇದೇ ತಾನೆ? ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಾಯಿ ತೆಗೆದೆ ಸರ್. ಕೊಳವೆ ಬಂತು."

ಎಂಜಿನಿಯರು ಸ್ವಿಚ್ಚಿನ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದರು. "ಇದನ್ನ ಇಳಿಸಿದ್ದು ನೀವಾ?"

"ಟೈಪ್‌ರೈಟರ್ ನಿಲ್ಲಿಸೋಣ ಅಂತ" ಎಂದರು ಮೇಷ್ಟ್ರು ಕ್ಷೀಣ ದನಿಯಲ್ಲಿ.

"ಯಾವ ಟೈಪ್‌ರೈಟರ್?" ಎಂದು ಎಂಜಿನಿಯರು, ತಕ್ಕಡಿಯವರು, ಅವರ ಹೆಂಡತಿ ಮೂವರೂ ಒಟ್ಟಿಗೆ ಕೇಳಿದರು.

ವಿಷಯ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ತಕ್ಕಡಿಯವರು ಕೆಳಗಿನ ಸ್ಕ್ರೂವನ್ನು ಮತ್ತೆ ಮೇಲಿನದರ ಸಮಕ್ಕೆ ತಂದು, ಡ್ರಮ್ಮಿನ ಸ್ವಿಚ್ಚು ಏರಿಸಿ, ಬ್ರೇಕು ಬಿಟ್ಟು, ಆ ಟಕಟಕವನ್ನು ಎಲ್ಲರೆದುರಿಗೆ ಕೇಳಿಸಿದರು. ಬೇಕರಿಯಾಕೆ ಹಾಲಿನವನನ್ನು ನೋಡಿದಳು. ಹಾಲಿನವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರಿಗೆ ನೋಡಲು ಯಾರೂ ಉಳಿದಿರಲಿಲ್ಲ.

"ಹೈಯರ್ ಗ್ರೇಡಿನ ವೇಗ" ಎಂದಳು ಬೇಕರಿಯಾಕೆ, ಹಲ್ಲು ಬಿಗಿಹಿಡಿದು.

"ಆಯ್ತು, ನೀವ್ಯಾಕೆ ಬಂದಿರಿ?" ಎಂದು ಎಂಜಿನಿಯರು ಮೇಷ್ಟ್ರನ್ನೇ ಕೇಳಿದರು. ಕಿಟಕಿಯಿಂದ ಕೆಳಗೆ ನೋಡಿದರೆ ಬಾಲ್ಕನಿ ತಾನಾಗಿಯೇ ಉತ್ತರ ಹೇಳುತ್ತಿತ್ತು. ಎಂಜಿನಿಯರು ಅದನ್ನೂ ಬರೆದುಕೊಂಡರು. ಮೂವರಿಗೂ ಒಂದೊಂದು ನೋಟಿಸು ಹರಿದು ಕೊಟ್ಟರು. ಆಮೇಲೆ ತಕ್ಕಡಿಯವರ ಕಾಗದ ಕೈಗೆತ್ತಿಕೊಂಡರು. ಅಂಗಳದಿಂದ ಬಾಮೈದ ಇಣುಕಿದ. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತಕ್ಕಡಿಯವರು ಕನ್ನಡಕ ಏರಿಸಿ ಪೆನ್ನಿನ ತುದಿಯನ್ನೇ ದಿಟ್ಟಿಸಿದರು.

"ಕಾಯಿಲ್ ಇದೆ. ಕಾಯಿಲ್ ತಪ್ಪಿದ್ರೆ ಬ್ರೇಕ್ ಇದೆ. ಬ್ರೇಕ್ ಎಳೆಯೋಕೆ ಬುದ್ಧಿ ಇರೋರೊಬ್ಬರು ಮನೇಲಿದಾರೆ" ಎಂದರು ಎಂಜಿನಿಯರು. "ನಾನು ಈ ಬೀದಿ ಹತ್ತಿ ಬಂದಿದ್ದು ಈ ಯಂತ್ರ ನಿಯಮಕ್ಕೆ ಸರಿ ಇದೆಯಾ ಅಂತ ನೋಡೋಕೆ. ಈಗ ನೋಡಿದ್ರೆ ಇಡೀ ಬೀದೀಲಿ ನಿಯಮಕ್ಕೆ ಸರಿಯಾಗಿರೋದು ಇದೊಂದೇ." ಸಹಿ ಹಾಕಿದರು. ಹಾಕಿ, ಕೆಳಗೆ ಒಂದು ಸಾಲು ಸೇರಿಸಿದರು. "ಆ ಎರಡು ಸ್ಕ್ರೂ ಮತ್ತೆ ದೂರ ದೂರ ಇಡಿ. ಇನ್ನೊಂದು ಷರತ್ತು. ಡ್ರಮ್ಮಿನ ನೀರು ಕುದಿಯೋಕೆ ಬಿಡಬಾರದು. ಗಾಳಿ ಇರೋ ದಿನವೆಲ್ಲ ಬಿಸಿನೀರು ಖರ್ಚಾಗ್ತಾ, ತಣ್ಣೀರು ತುಂಬ್ತಾ ಇರಬೇಕು."

ಎಂಜಿನಿಯರು ಇಳಿದುಹೋದ ಮೇಲೆ, ಕೆಳಗಿನ ಸ್ಕ್ರೂವನ್ನು ಮತ್ತೆ ಇಪ್ಪತ್ತೇಳಕ್ಕೆ ಇಳಿಸಿದ ತಕ್ಕಡಿಯವರ ಎದೆ ತನ್ನ ಎಂದಿನ ಅಗಲಕ್ಕೆ ಮರಳಿತು. "ನೋಡಿದ್ಯಾ? ನಮ್ಮ ಕಂಟ್ರೋಲರಿನ ಮುಂದೆ ನಿಂತರೆ ಸಾಕು, ಜನಕ್ಕೆ ಸುಳ್ಳು ಹೇಳೋಕೆ ನಾಲಿಗೆ ಬರಲ್ಲ."

"ನಿಮ್ಮ ಕಂಟ್ರೋಲರಿಂದ ನನ್ನ ಬಾಲ್ಕನಿ ಹೋಯ್ತು" ಎಂದರು ಮೇಷ್ಟ್ರು.

"ನೀರು ಗುನುಗ್ತಿದೆ" ಎಂದಳು ಹೆಂಡತಿ, ಯಾರಿಗೂ ಅಲ್ಲದೆ ಎಲ್ಲರಿಗೂ. "ಗಾಳಿ ನಿಲ್ಲೋ ಹಾಗೆ ಕಾಣಲ್ಲ. ಇಬ್ಬರೇ ಎಷ್ಟು ಅಂತ ಸ್ನಾನ ಮಾಡೋದು? ಬಕೆಟ್ಟುಗಳು ಬಚ್ಚಲ ಹಿಂದಿವೆ."

ನೋಟಿಸು ಹಿಡಿದು ಬೆವೆತು ನಿಂತಿದ್ದವರು ಮುಖ ಮುಖ ನೋಡಿಕೊಂಡರು. ಬೇಕರಿಯಾಕೆ ಮೊದಲು ಹೆಜ್ಜೆ ಹಾಕಿದಳು. ಹಿಟ್ಟಿನ ತಟ್ಟೆಗಳನ್ನು ತೊಳೆಯಲು ಬಿಸಿನೀರು ಸಿಕ್ಕರೆ ಅರ್ಧ ದಂಡ ಹುಟ್ಟಿದಂತೆ. ಹಾಲಿನವನು ಕ್ಯಾನು ತೊಳೆಯಲು ಒಂದು ಬಕೆಟ್ಟು ಹಿಡಿದ. ಕೊನೆಗೆ ಮೇಷ್ಟ್ರು, "ಇದು ಪರಿಹಾರ ಅಂತ ತಗೋತಿದ್ದೀನಿ, ಉಪಕಾರ ಅಂತ ಅಲ್ಲ" ಎಂದು ಸ್ಪಷ್ಟಪಡಿಸಿ, ಎರಡು ಬಕೆಟ್ಟು ಒಯ್ದರು.

ಅಂಗಳದಲ್ಲಿ ಬಾಮೈದ ತಳ್ಳುಗಾಡಿಯ ಹಿಡಿ ಹಿಡಿದು ನಿಂತಿದ್ದ. ಅಕ್ಕ ಅವನ ಕೈಗೆ ಒಂದು ಟವೆಲ್ಲು ಕೊಟ್ಟಳು.

"ಅಕ್ಕಾ, ನಾನು ಬೆಳಿಗ್ಗೆನೇ ಸ್ನಾನ ಮಾಡಿ ಬಂದೆ."

"ಇನ್ನೊಂದ್ಸಲ ಮಾಡು. ನಗರಸಭೆ ಷರತ್ತು. ಸಹಿ ಆಗಿದೆ."

ಬಾಮೈದ ಭಾವನನ್ನು ನೋಡಿದ. ಭಾವ ಮೀಟರನ್ನು ನೋಡುತ್ತಿದ್ದರು. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ಒಳಗೆ ಅವನು ಹಾಡು ಹೇಳಿಕೊಂಡನೋ ಇಲ್ಲವೋ, ಎಷ್ಟು ಚೊಂಬು ಸುರಿದುಕೊಂಡ ಎಂಬುದರಲ್ಲಿ ಹೇಳುವವರಿಗೊಂದೊಂದು ಪಾಠಾಂತರವಿದೆ. ಆ ಸಂಜೆ ತಳ್ಳುಗಾಡಿ ಖಾಲಿಯಾಗಿಯೇ ಬೀದಿ ಇಳಿಯಿತು ಎಂಬುದರಲ್ಲಿ ಮಾತ್ರ ಯಾವ ಪಾಠಾಂತರವೂ ಇಲ್ಲ.